ಫರಸಿ ಮತ್ತು ವಜ್ರದ ಪುಡಿ: ಕಾಗಿಣಾ ತೀರದ ಒಪ್ಪದ ಇತಿಹಾಸ

ತಾಂಡೂರಿನ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಊರಿನ ಮಾತಿಗಿಂತ ಮೊದಲು ಕಲ್ಲು ಕೊಯ್ಯುವ ಸದ್ದು ಕೇಳಿಸುತ್ತದೆ. ನೀರು ಸುರಿಯುತ್ತಿರುವಂತೆಯೇ ತಿರುಗುವ ಗರಗಸದ ಚಕ್ರ ಕಲ್ಲಿನ ಅಂಚಿಗೆ ತಗುಲಿದಾಗ ಏಳುವ ಆ ಸದ್ದಿಗೆ ಊರವರ ಕಿವಿ ಎಂದೋ ಒಗ್ಗಿಹೋಗಿದೆ. ಆ ಚಕ್ರದ ಹಲ್ಲುಗಳಲ್ಲಿ ವಜ್ರವಿದೆಯೆಂದರೆ ಹೊರಗಿನಿಂದ ಬಂದ ನೆಂಟರು ನಗುತ್ತಾರೆ. ವಜ್ರವೆಂದರೆ ಮೂಗುತಿಯಲ್ಲಿ ಮಿನುಗುವುದು, ರಾಜರ ಕಿರೀಟದಲ್ಲಿ ಕೂರುವುದು ಎಂಬುದಷ್ಟೇ ಅವರ ಬಳಕೆ. ಆದರೆ ನಮ್ಮ ಭಾಗದಲ್ಲಿ ದಿನವೂ ಸೇರುಗಟ್ಟಲೆ ಕಲ್ಲುಕೆಸರಿನೊಡನೆ ಬೆರೆತು ಚರಂಡಿಗೆ ಹರಿದುಹೋಗುವ ವಸ್ತುಗಳಲ್ಲಿ ವಜ್ರದ ಪುಡಿಯೂ ಒಂದು. ಅದು ಇಲ್ಲಿಗೆ ಹೇಗೆ ಬಂತು, ಅದಕ್ಕೂ ಮೊದಲು ಈ ಸೀಮೆಯವರು ಕಲ್ಲಿಗೆ ಹೇಗೆ ಒಪ್ಪ ಕೊಡುತ್ತಿದ್ದರು ಎಂಬುದನ್ನು ಈ ಸಂಚಿಕೆಯ ಓದುಗರ ಮುಂದೆ ಇರಿಸುವುದು ನನ್ನ ಉದ್ದೇಶ.

ಮೊದಲು ನೆಲದ ಮಾತು. ತಾಂಡೂರು ಇಂದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿದೆ. ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. 1956ರ ನವೆಂಬರ್ 1ಕ್ಕೆ ಮುಂಚೆ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಗೂ, ನಾರಾಯಣಖೇಡ ಮತ್ತು ಜಹೀರಾಬಾದ್ ತಾಲ್ಲೂಕುಗಳು ಬೀದರ ಜಿಲ್ಲೆಗೂ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯ ಕಾಯ್ದೆ ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದನ್ನೂ, ಬೀದರ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲನ್ನೂ ಆ ಕಡೆಗೆ ಕೊಟ್ಟಿತು. ಹೀಗೆ ಎಳೆದ ಗೆರೆ ಮನೆಮಾತನ್ನು, ನೆಂಟಸ್ತಿಕೆಯನ್ನು, ಶಾಲೆಯ ಪಠ್ಯವನ್ನು ಹೇಗೆ ಸೀಳಿತೆಂಬುದನ್ನು ನಮ್ಮ ಹಿರಿಯರು ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಅದು ಒಂದು ಕಲ್ಲಿನ ಹಾಸನ್ನೂ ಸೀಳಿತೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ.

ಭೂವಿಜ್ಞಾನಿಗಳು ಭೀಮಾ ಜಲಾನಯನವೆಂದು ಕರೆಯುವ ಸುಣ್ಣಕಲ್ಲಿನ ಹರಹು ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಹೊರಟು ಸೇಡಂ ದಾಟಿ ತಾಂಡೂರಿನವರೆಗೆ ಚಾಚಿಕೊಂಡಿದೆ. ಕೆಳಗೆ ಹಳೆಯ ಕಣಶಿಲೆಯ ತಳ, ಮೇಲೆ ಅಲ್ಲಲ್ಲಿ ದಖನ್ನಿನ ಕಪ್ಪು ಕಲ್ಲಿನ ಹೊದಿಕೆ. ನಡುವೆ ಈ ಸುಣ್ಣಕಲ್ಲು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಬಹುಮಟ್ಟಿಗೆ ಸಮತಲವಾಗಿ ಮಲಗಿದೆ. ಪ್ರಾಣಿಗಳು ನೆಲದ ಮೇಲೆ ಕಾಲಿಡುವುದಕ್ಕೂ ಬಹು ಮೊದಲು ಆಳವಿಲ್ಲದ ಕಡಲಿನ ತಳದಲ್ಲಿ ಕೂಡಿದ ಕೆಸರು ಇದು. ಗೆರೆಯ ಈಚೆ ಇದನ್ನು ತಾಂಡೂರು ಕಲ್ಲು ಎನ್ನುತ್ತಾರೆ, ಆಚೆ ಶಹಾಬಾದ್ ಕಲ್ಲು ಎನ್ನುತ್ತಾರೆ. ವ್ಯಾಪಾರಿಗಳ ಬಿಲ್ಲಿನಲ್ಲಿ ಇವು ಎರಡು ಸರಕುಗಳು. ನಮ್ಮ ಮನೆಗಳ ಮಾತಿನಲ್ಲಿ ಎರಡೂ ಫರಸಿಯೇ. ಹಾಸು ಎಂಬ ಅರ್ಥದ ಅರಬ್ಬಿ ಶಬ್ದವೊಂದು ಉರ್ದುವಿನ ಹಾದಿಯಲ್ಲಿ ಬಂದು ನಮ್ಮ ಅಜ್ಜಿಯರ ಬಾಯಲ್ಲಿ ಹೀಗೆ ನೆಲೆನಿಂತಿತು.

ಒಪ್ಪದ ಶಬ್ದಗಳೂ ಗಮನಿಸತಕ್ಕವು. ಮಸೆ, ಸಾಣೆ, ಒಪ್ಪ, ನಯ, ನುಣುಪು, ಒರೆ ಎಂದು ಕನ್ನಡ ಇವುಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿದೆ. ಮಸೆಯುವುದು ಅಂಚನ್ನು ಹರಿತ ಮಾಡುವ ಕೆಲಸ. ಸಾಣೆ ಹಿಡಿಯುವುದು ಸವೆಸಿ ರೂಪಕ್ಕೆ ತರುವ ಕೆಲಸ. ಒಪ್ಪವಿಡುವುದು ಕಟ್ಟಕಡೆಯದು, ಬೆಳಕು ಆಡುವಂತೆ ಮಾಡುವುದು. ಒರೆಗಲ್ಲು ಮಾತ್ರ ತಾನು ನಯವಾಗಿದ್ದು ಇನ್ನೊಂದರ ಗುಣವನ್ನು ಹೇಳುತ್ತದೆ. ಇಂದು ತಾಂಡೂರಿನ ಶೆಡ್ಡುಗಳಲ್ಲಿ ಇವೆಲ್ಲವನ್ನೂ 'ಪಾಲಿಶ್' ಎಂಬ ಒಂದೇ ಶಬ್ದ ನುಂಗಿದೆ.

ಈ ಕೆಲಸದ ಆರಂಭ ನಮ್ಮ ನಾಡಿನಲ್ಲಿ ಬಹಳ ಹಿಂದಕ್ಕೆ ಹೋಗುತ್ತದೆ. 1842ರಲ್ಲಿ ಲಿಂಗಸುಗೂರಿನ ಪರಿಸರದಲ್ಲಿ ಶಿಲಾಯುಗದ ಉಪಕರಣಗಳು ಕಣ್ಣಿಗೆ ಬಿದ್ದಂದಿನಿಂದ ರಾಯಚೂರು, ಬಳ್ಳಾರಿ ಸೀಮೆಗಳಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳು ಹೇರಳವಾಗಿ ದೊರೆತಿವೆ. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ, ಅದರ ಹಿರೇಗುಡ್ಡದ ಮೇಲೆ, ಕೊಡಲಿ ತಯಾರಿಕೆಯ ದೊಡ್ಡ ನೆಲೆಯೇ ಇತ್ತು. ಡಾಲರೈಟ್ ಎಂಬ ಗಟ್ಟಿಯಾದ ಕಪ್ಪು ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕೊನೆಗೆ ಬಂಡೆಯ ಮೇಲೆ ನೀರು ಚಿಮುಕಿಸಿ ತಿಕ್ಕುತ್ತಿದ್ದರು. ತಿಕ್ಕಿ ತಿಕ್ಕಿ ಬಂಡೆಯಲ್ಲಿ ಬಿದ್ದ ದೋಣಿಯಾಕಾರದ ಕುಳಿಗಳು ಇಂದಿಗೂ ಇವೆ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಆ ಕುಳಿಗೆ ಬೆರಳಿಟ್ಟರೆ ಅದರ ತಳ ಗಾಜಿನಷ್ಟು ನುಣುಪು. ಸಾಣೆಗೆ ಬೇಕಾದ ಮೂರು ಅಂಗಗಳೂ ಅಲ್ಲಿಯೇ ಇದ್ದವು: ಸವೆಯುವ ವಸ್ತು, ಸವೆಸುವ ಕಣ, ಬಿಸಿಯನ್ನೂ ಮಣ್ಣನ್ನೂ ಕೊಚ್ಚಿಕೊಂಡು ಹೋಗುವ ನೀರು. ಇಂದಿನ ಯಂತ್ರದಲ್ಲಿ ನಾಲ್ಕನೆಯದೊಂದು ಅಂಗವಿಲ್ಲ.

ಫರಸಿಯ ಮಟ್ಟಿಗೆ ಹೇಳುವುದಾದರೆ ಅದರ ಮೇಲೆ ನಡೆದ ಅತ್ಯುತ್ತಮ ಕೈಕೆಲಸ ಭೀಮಾತೀರದ ಕನಗನಹಳ್ಳಿಯಲ್ಲಿದೆ. ಸನ್ನತಿಯ ನೆರೆಯ ಆ ಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನ ಶಾತವಾಹನ ಕಾಲದ ಮಹಾಸ್ತೂಪವೊಂದನ್ನು ಹೊರತೆಗೆಯಿತು. ಅಶೋಕನ ಹೆಸರನ್ನು ಬ್ರಾಹ್ಮಿಯಲ್ಲಿ ಕೆತ್ತಿದ ಫಲಕದಿಂದಾಗಿ ಅದು ಲೋಕಪ್ರಸಿದ್ಧವಾಯಿತು. ಆ ಫಲಕಗಳೆಲ್ಲ ಈ ಸೀಮೆಯ ಸುಣ್ಣಕಲ್ಲಿನವು. ಹಾಳೆಯಂತೆ ಸೀಳಿಕೊಳ್ಳುವ ಕಲ್ಲಿನಲ್ಲಿ ಉಬ್ಬುಶಿಲ್ಪ ಮಾಡುವುದು ಸುಲಭವಲ್ಲ. ಉಳಿ ಸ್ವಲ್ಪ ಓರೆಯಾದರೂ ಪದರವೇ ಎದ್ದುಬರುತ್ತದೆ. ಅಲ್ಲಿನ ಶಿಲ್ಪಿಗಳು ಕಲ್ಲಿನ ಸ್ವಭಾವವನ್ನು ಅರಿತು ಪದರಕ್ಕೆ ಸಮಾನವಾಗಿ ಆಳ ತೆಗೆದುಕೊಂಡಿದ್ದಾರೆ. ತಾಂಡೂರಿನ ಬದಿಯಿಂದ ಹರಿದುಹೋಗುವ ಕಾಗಿಣಾ ನದಿಯ ದಂಡೆಯಲ್ಲೇ ಮುಂದೆ ಮಾನ್ಯಖೇಟ ಎದ್ದಿತು. ಮಳಖೇಡದ ಕೋಟೆಯ ಗೋಡೆಗಳಲ್ಲಿ ಇದೇ ಕಲ್ಲಿನ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಅಲ್ಲಿ ನಯದ ಚಿಂತೆಯಿಲ್ಲ, ಭಾರದ ಲೆಕ್ಕವಷ್ಟೇ.

ನಯವೆಂಬುದನ್ನೇ ಕಲೆಯಾಗಿ ಮಾಡಿದವರು ಕಲ್ಯಾಣದ ಚಾಲುಕ್ಯರ ಕಾಲದವರು. 1112ರ ಇಟಗಿಯ ಮಹಾದೇವ ದೇವಾಲಯದಲ್ಲಿ, ಲಕ್ಕುಂಡಿಯಲ್ಲಿ ತಿರುಗಣೆಯಲ್ಲಿ ಕಡೆದಂತಿರುವ ಕಂಬಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮುಖ ಕಾಣುವಷ್ಟು ಹೊಳಪು ಅಲ್ಲಿ ಇಂದಿಗೂ ಉಳಿದಿದೆ. ಆದರೆ ಒಂದು ಮಾತನ್ನು ನೆನಪಿಡಬೇಕು: ಆ ಕಲ್ಲು ಬಳಪದ ಜಾತಿಯದು, ಗಣಿಯಿಂದ ತೆಗೆದಾಗ ಮೆತ್ತನೆಯದು. ಅದೇ ಹೊಳಪನ್ನು ಕಪ್ಪು ಬಸಾಲ್ಟಿನ ಮೇಲೆ ತರುವುದು ಬೇರೆಯೇ ಸಾಹಸ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಅದನ್ನು ಮಾಡಿದ್ದಾರೆ. ಕನ್ನಡಿಯಂತೆ ನಯಗೊಳಿಸಿದ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಕಲ್ಲು, ಚಿಪ್ಪು ಎರಡರ ಗಡಸುತನ ಬೇರೆಬೇರೆ. ಒಟ್ಟಿಗೆ ತಿಕ್ಕಿದರೆ ಚಿಪ್ಪು ಬೇಗ ಸವೆದು ತಗ್ಗಾಗಬೇಕು. ಅದು ತಗ್ಗಾಗದಂತೆ ಅವರು ಹೇಗೆ ತಿಕ್ಕಿದರೋ, ಇಂದಿನ ಯಂತ್ರಜ್ಞನಿಗೂ ಕೈಕಟ್ಟಿ ನಿಲ್ಲಬೇಕಾದ ಜಾಗ ಅದು.

ಇಲ್ಲಿ ಒಂದು ಕೊರಗನ್ನು ಹೇಳಿಕೊಳ್ಳುತ್ತೇನೆ. ನಮ್ಮ ಶಾಸನಗಳಲ್ಲಿ ರೂವಾರಿಯ ಹೆಸರಿದೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಚಾವಣರು ಬಿರುದುಬಾವಲಿಗಳ ಸಮೇತ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಶಾಸನವನ್ನು ರಚಿಸಿದವನ ಹೆಸರು, ಬರೆದವನ ಹೆಸರು, ಖಂಡರಿಸಿದವನ ಹೆಸರು ಎಷ್ಟೋ ಕಡೆ ಸಿಗುತ್ತವೆ. ಆ ಅಕ್ಷರಗಳಿಗಾಗಿ ಕಲ್ಲಿನ ಮೈಯನ್ನು ದಿನಗಟ್ಟಲೆ ತಿಕ್ಕಿ ಹದ ಮಾಡಿದವನ ಹೆಸರನ್ನು ನಾನು ಓದಿದ ಯಾವ ಶಾಸನದಲ್ಲೂ ಕಂಡಿಲ್ಲ.

ಇನ್ನು ವಜ್ರ. ವಜ್ರ ಎಲ್ಲವನ್ನೂ ಗೀರುತ್ತದೆ, ವಜ್ರವನ್ನು ಮತ್ತಾವುದೂ ಗೀರದು ಎಂಬ ಅರಿವು ಈ ದೇಶದಲ್ಲಿ ಹಳೆಯದು. ಬುದ್ಧಭಟ್ಟನ ರತ್ನಪರೀಕ್ಷೆಯಲ್ಲಿ ಈ ಮಾತು ಬರುತ್ತದೆ. ಜಹೀರಾಬಾದಿನಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ಸಿಗುವ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ರತ್ನಗಳ ಗುಣದೋಷಗಳಿಗೆ ವಿಸ್ತಾರವಾದ ಸ್ಥಳ ಕೊಟ್ಟಿದ್ದಾನೆ. ಗ್ರಂಥಕ್ಕಿಂತ ಕೈ ಮುಂದಿತ್ತು. ಗಟ್ಟಿಯಾದ ಹರಳಿನ ಮಣಿಗಳಿಗೆ ರಂಧ್ರ ಕೊರೆಯಲು ನಮ್ಮವರು ವಜ್ರದ ಚೂರುಗಳನ್ನು ಲೋಹದ ಕಡ್ಡಿಯ ತುದಿಗೆ ಕೂರಿಸಿಕೊಳ್ಳುತ್ತಿದ್ದರು. ಹಳೆಯ ಮಣಿಗಳ ರಂಧ್ರದೊಳಗಿನ ಗೀರುಗಳ ಅಚ್ಚು ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ಅಮೆರಿಕದ ಗ್ವಿನೆಟ್ ಮತ್ತು ಗೋರೆಲಿಕ್ ಎಂಬ ಸಂಶೋಧಕರು ಈ ವಿದ್ಯೆ ಭಾರತದಿಂದ ರೋಮಿನತ್ತ ಹೋಯಿತೆಂದು 1988ರಲ್ಲಿ ವಾದಿಸಿದರು. ಕಬ್ಬಿಣದಲ್ಲಿ ಕೂರಿಸಿದ ವಜ್ರದ ಚೂರನ್ನು ಕೆತ್ತನೆಗಾರರು ಹುಡುಕಿ ಕೊಳ್ಳುತ್ತಾರೆಂದು ರೋಮಿನ ಪ್ಲಿನಿಯೂ ಬರೆದಿದ್ದಾನೆ. ಖಂಭಾತಿನ ಮಣಿಗಾರರು ಎರಡು ವಜ್ರದ ಚೂರುಗಳ ಬೈರಿಗೆಯನ್ನು ಬಿಲ್ಲಿನಿಂದ ತಿರುಗಿಸುವ ಪದ್ಧತಿಯನ್ನು ನಮ್ಮ ಕಾಲದವರೆಗೂ ಉಳಿಸಿಕೊಂಡು ಬಂದಿದ್ದಾರೆ.

ವಜ್ರದಿಂದ ಮೇಲ್ಮೈಯನ್ನು ನಯಗೊಳಿಸುವ ಕೆಲಸದ ಕಣ್ಣಾರೆ ಕಂಡ ವರ್ಣನೆ ನಮ್ಮ ಭಾಗದ್ದೇ ಒಂದಿದೆ. ಫ್ರಾನ್ಸಿನ ವರ್ತಕ ಟ್ಯಾವರ್ನಿಯೆ 17ನೆಯ ಶತಮಾನದ ಮಧ್ಯದಲ್ಲಿ ರಾವಲ್ಕೊಂಡವೆಂದು ತಾನು ಕರೆದ ಗಣಿಗೆ ಹೋಗಿದ್ದ. ಅದು ಗೋಲ್ಕೊಂಡದಿಂದ ಐದು ದಿನದ ಹಾದಿ, ವಿಜಾಪುರದಿಂದ ಎಂಟು ಒಂಬತ್ತು ದಿನದ ಹಾದಿ. ಆಗ ಆದಿಲಶಾಹಿಗಳ ಆಳ್ವಿಕೆಗೆ ಸೇರಿತ್ತು. ವಿದ್ವಾಂಸರು ಅದನ್ನು ಕರ್ನೂಲು ಜಿಲ್ಲೆಯ ರಾಮಳ್ಳಕೋಟೆಯೆಂದು ಗುರುತಿಸಿದ್ದಾರೆ. 1676ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಅಲ್ಲಿನ ಸಾಣೆಗಾರರ ಕೆಲಸದ ವಿವರ ಇದೆ. ಪ್ರತಿಯೊಬ್ಬನ ಬಳಿಯೂ ಊಟದ ತಟ್ಟೆಯಷ್ಟು ಅಗಲದ ಉಕ್ಕಿನ ಚಕ್ರ. ಒಂದು ಚಕ್ರದ ಮೇಲೆ ಒಂದೇ ಹರಳು. ಹರಳಿನ ಎಳೆ ಯಾವ ಕಡೆಗೆ ಓಡುತ್ತದೆಂದು ಗೊತ್ತಾಗುವವರೆಗೆ ಬರಿಯ ನೀರನ್ನು ಸುರಿಯುತ್ತಿರುತ್ತಾರೆ. ಎಳೆ ಸಿಕ್ಕಿದ ಕೂಡಲೇ ಎಣ್ಣೆಗೆ ತಿರುಗುತ್ತಾರೆ, ಬೆಲೆಯ ಲೆಕ್ಕವಿಡದೆ ವಜ್ರದ ಪುಡಿಯನ್ನು ಧಾರಾಳವಾಗಿ ಹಾಕುತ್ತಾರೆ. ಹರಳಿನ ಮೇಲೆ ಯುರೋಪಿನವರಿಗಿಂತ ಬಹಳ ಹೆಚ್ಚು ಭಾರ ಹೇರುತ್ತಾರೆ. ಒಂದು ದೊಡ್ಡ ಹರಳಿನ ಮೇಲೆ ಸುಮಾರು 150 ಪೌಂಡು ಸೀಸ ಹೇರಿದ್ದನ್ನು, ದೊಡ್ಡ ಗಾಲಿಯನ್ನು ನಾಲ್ವರು ಆಳುಗಳು ತಿರುಗಿಸುತ್ತಿದ್ದುದನ್ನು ಅವನು ಕಂಡಿದ್ದಾನೆ.

ಈ ವರ್ಣನೆಯ ತಿರುಳು 'ಎಳೆ' ಎಂಬ ಮಾತಿನಲ್ಲಿದೆ. ವಜ್ರ ಎಲ್ಲ ದಿಕ್ಕಿಗೂ ಒಂದೇ ಗಡಸಲ್ಲ. ಅದರ ಹರಳಿನ ಕಟ್ಟಿನಲ್ಲಿ ಕೆಲವು ದಿಕ್ಕುಗಳು ಸಾಣೆಗೆ ಬಗ್ಗುತ್ತವೆ, ಕೆಲವು ಎಷ್ಟು ತಿಕ್ಕಿದರೂ ಬಗ್ಗುವುದಿಲ್ಲ. ಪುಡಿಯಲ್ಲಿರುವ ಅಸಂಖ್ಯ ಕಣಗಳು ಎಲ್ಲ ದಿಕ್ಕಿಗೂ ಹರಡಿರುವುದರಿಂದ ಅವುಗಳಲ್ಲಿ ಹಲವು ತಮ್ಮ ಗಟ್ಟಿ ಮುಖವನ್ನು ಹರಳಿನ ಮೆದು ಮುಖಕ್ಕೆ ಒಡ್ಡುತ್ತವೆ. ಮುಳ್ಳಿನಿಂದ ಮುಳ್ಳು ತೆಗೆದಂತೆ ವಜ್ರದಿಂದ ವಜ್ರ ಸವೆಯುವುದರ ಗುಟ್ಟು ಇಷ್ಟೇ. ಹರಳುಗಳ ಒಳರಚನೆಯನ್ನು ಕ್ಷ-ಕಿರಣಗಳು ತೋರಿಸಿಕೊಟ್ಟದ್ದು 20ನೆಯ ಶತಮಾನದಲ್ಲಿ. ರಾವಲ್ಕೊಂಡದ ಸಾಣೆಗಾರನಿಗೆ ಅದು ಬೆರಳ ತುದಿಗೆ, ಚಕ್ರದ ಸದ್ದಿಗೆ ಗೊತ್ತಿತ್ತು.

ಟ್ಯಾವರ್ನಿಯೆ ದೋಷವನ್ನೂ ಹೇಳಿದ್ದಾನೆ. ಇಲ್ಲಿನವರ ಕೈಯಲ್ಲಿ ಹರಳಿಗೆ ಯುರೋಪಿನಷ್ಟು ಜೀವಂತ ಹೊಳಪು ಬರುವುದಿಲ್ಲ ಎನ್ನುತ್ತಾನೆ. ಅವನು ಕೊಟ್ಟ ಕಾರಣ ನನಗೆ ಮೆಚ್ಚುಗೆಯಾಯಿತು, ಏಕೆಂದರೆ ಅದರಲ್ಲಿ ಕೆಲಸಗಾರನ ನಿಂದೆಯಿಲ್ಲ. ಉಕ್ಕಿನ ಚಕ್ರವನ್ನು ದಿನಕ್ಕೊಮ್ಮೆ ಕುರುವಿಂದದ ಜಾತಿಯ ಕಲ್ಲಿನ ಮೇಲೆ ತಿಕ್ಕಿ ಸರಿಪಡಿಸಬೇಕು. ಅದಕ್ಕಾಗಿ ಅಚ್ಚಿನಿಂದ ಕಳಚಬೇಕು. ಮತ್ತೆ ಕೂರಿಸುವಾಗ ಮೊದಲಿನಷ್ಟು ನೇರ ಕೂರುವುದಿಲ್ಲ, ಚಕ್ರ ಕೂದಲೆಳೆಯಷ್ಟು ಅಲುಗುತ್ತದೆ. ತಮ್ಮಲ್ಲಿರುವಂತೆ ಮೆದು ಕಬ್ಬಿಣದ ಚಕ್ರವಾದರೆ ಅಚ್ಚಿನಲ್ಲಿದ್ದಂತೆಯೇ ಅರ ಹಾಕಬಹುದೆಂದು ಅವನ ಅಭಿಪ್ರಾಯ. ಕೈಗುಣ ಇದ್ದೂ ಯಂತ್ರದ ಅಚ್ಚು ಸೋತಾಗ ಒಪ್ಪ ಕೆಡುತ್ತದೆ. ತಾಂಡೂರಿನ ಯಾವ ಶೆಡ್ಡಿನಲ್ಲಾದರೂ ಬೇರಿಂಗ್ ಸವೆದ ಯಂತ್ರದ ಮುಂದೆ ನಿಂತ ಕೆಲಸಗಾರನನ್ನು ಕೇಳಿ, ಇದೇ ಮಾತನ್ನು ಅವನ ಬಾಯಿಂದ ಕೇಳುವಿರಿ.

ಒಪ್ಪವೆಂದರೆ ನಿಜವಾಗಿ ಏನು ಎಂಬ ಪ್ರಶ್ನೆಯನ್ನು ದೊಡ್ಡ ದೊಡ್ಡವರೇ ಎತ್ತಿಕೊಂಡಿದ್ದಾರೆ. ದೊಡ್ಡ ಗೀರನ್ನು ಸಣ್ಣ ಗೀರಿನಿಂದ, ಸಣ್ಣದನ್ನು ಕಣ್ಣಿಗೆ ಕಾಣದ ಗೀರಿನಿಂದ ಅಳಿಸುತ್ತ ಹೋಗುವುದೇ ಒಪ್ಪವೆಂದು ನ್ಯೂಟನ್ 1704ರ ತನ್ನ ಬೆಳಕಿನ ಗ್ರಂಥದಲ್ಲಿ ಹೇಳಿದ. ರ‍್ಯಾಲೆ ಪ್ರಭು 1901ರಲ್ಲಿ ಇದನ್ನು ಪರೀಕ್ಷಿಸಿ, ಸವೆಸುವುದು ಬೇರೆ, ಒಪ್ಪವಿಡುವುದು ಬೇರೆ, ಎರಡನೆಯದರಲ್ಲಿ ದ್ರವ್ಯ ಅಣುಗಳ ಮಟ್ಟದಲ್ಲಿ ಹೋಗುತ್ತದೆ ಎಂದ. 1937ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬುವರು ಉಜ್ಜುವಾಗ ಮೇಲ್ಮೈಯ ತೆಳುಪದರ ಕ್ಷಣಕಾಲ ಕರಗಿ ಹರಡಿಕೊಳ್ಳುತ್ತದೆಂದು ತೋರಿಸಿದರು. ಹೀಗಾಗಿ ಗಡಸಿಗಿಂತ ಕರಗುವ ಉಷ್ಣತೆ ಮುಖ್ಯವೆಂದರು. ವಜ್ರದ ಪುಡಿಯ ವಿಷಯದಲ್ಲಿ ಮಾತ್ರ ನ್ಯೂಟನ್ನನ ಮಾತೇ ಹೆಚ್ಚು ಹೊಂದುತ್ತದೆ. ಅದು ಕರಗಿಸುವುದಿಲ್ಲ, ಕೊನೆಯವರೆಗೂ ಕೊಯ್ಯುತ್ತಲೇ ಹೋಗುತ್ತದೆ.

ಮತ್ತೆ ಫರಸಿಗೆ ಬರೋಣ. ಮುಂಬಯಿಯಿಂದ ಹೊರಟ ರೈಲು ಕಲಬುರಗಿ, ಶಹಾಬಾದ್, ವಾಡಿಗಳ ಮೇಲಿಂದ 1871ರಲ್ಲಿ ರಾಯಚೂರು ಮುಟ್ಟಿತು. ನಿಜಾಮರ ರೈಲು 1874ರಲ್ಲಿ ವಾಡಿಯಿಂದ ತಾಂಡೂರಿನ ಮಾರ್ಗವಾಗಿ ಸಿಕಂದರಾಬಾದಿಗೆ ಓಡಿತು. ಸುಣ್ಣಕಲ್ಲಿನ ಹರಹಿನ ಮೇಲೆಯೇ ಹಳಿ ಬಿದ್ದದ್ದರಿಂದ ಕಲ್ಲಿಗೆ ಕಾಲು ಬಂದಂತಾಯಿತು. ರೈಲು ನಿಲ್ದಾಣಗಳ ಕಟ್ಟೆಗಳಿಗೆ, ಹೈದರಾಬಾದಿನ ಅಂಗಳಗಳಿಗೆ, ಮುಂಬಯಿಯ ಅಡುಗೆಮನೆಗಳಿಗೆ ಫರಸಿ ಹೋಯಿತು. ಆ ಕಾಲದ ಫರಸಿಗೆ ಯಂತ್ರದ ಒಪ್ಪವಿರಲಿಲ್ಲ. ಖಣಿಯಲ್ಲಿ ಹಾರೆ ಹಾಕಿ ಪದರ ಎಬ್ಬಿಸಿ, ಚಾಣದಿಂದ ಅಂಚು ಹೊಡೆದು ಚೌಕ ಮಾಡಿದರೆ ಕೆಲಸ ಮುಗಿಯಿತು. ಈ ಕಲ್ಲಿನ ಸಹಜ ಮೈಯೇ ಸಮತಟ್ಟು. ನಾರಾಯಣಖೇಡದ ಕಡೆಯ ಹಳ್ಳಿಯಲ್ಲಿದ್ದ ನನ್ನ ಅಜ್ಜಿಯ ಮನೆಯ ಪಡಸಾಲೆಯ ಫರಸಿ ಹೊಸ್ತಿಲ ಬಳಿ ಕಡುನೀಲಿಯಾಗಿ ಮಿರುಗುತ್ತಿತ್ತು, ಮೂಲೆಗಳಲ್ಲಿ ಬೂದಿಬಣ್ಣಕ್ಕಿತ್ತು. ಎರಡು ತಲೆಮಾರಿನ ಅಂಗಾಲುಗಳು, ದಿನವೂ ಒರೆಸುವ ಒದ್ದೆ ಬಟ್ಟೆ, ಆಗೀಗ ಚೆಲ್ಲಿದ ಎಣ್ಣೆ ಇವುಗಳಿಂದಾದ ಒಪ್ಪ ಅದು. ಅದೇ ಮನೆಯ ಬೀಸುಕಲ್ಲಿನ ಪಾಡು ತಿರುಗುಮುರುಗು. ಬೀಸಿ ಬೀಸಿ ಅದು ನಯವಾದರೆ ಜೋಳ ಹಿಟ್ಟಾಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಬಂದು ಉಳಿಯ ಪೆಟ್ಟು ಹಾಕಿ ಅದನ್ನು ಒರಟು ಮಾಡಿಕೊಡುವವರನ್ನು ಅಜ್ಜಿ ಕಾಯುತ್ತಿದ್ದಳು.

ಯಂತ್ರದ ಒಪ್ಪ ಬಂದದ್ದು ಕಾರ್ಬೊರಂಡಂ ಎಂಬ ಕೃತಕ ಸಾಣೆಕಣದ ಬೆನ್ನಿಗೆ. ಹಿಂದಿನ ಮೈಸೂರು ಸೀಮೆಯಲ್ಲಿ ಕುರುವಿಂದವನ್ನು ನೆಲದಿಂದಲೇ ಅಗೆದು ತೆಗೆಯುತ್ತಿದ್ದರು. ವಜ್ರದ ನಂತರದ ಗಡಸು ನಿಸರ್ಗದಲ್ಲಿ ಅದರದೇ. 1891ರಲ್ಲಿ ಅಮೆರಿಕದ ಅಚೆಸನ್ ಕೃತಕ ವಜ್ರ ಮಾಡಹೊರಟು ಜೇಡಿಮಣ್ಣು, ಕೋಕ್ ಕಲಸಿ ವಿದ್ಯುತ್ತಿನಿಂದ ಕಾಯಿಸಿದಾಗ ಸಿಕ್ಕಿದ್ದು ಕುರುವಿಂದಕ್ಕಿಂತ ಗಟ್ಟಿಯಾದ, ವಜ್ರವಲ್ಲದ ಹೊಳೆವ ಹರಳು. 1954ರಲ್ಲಿ ಮದರಾಸಿನಲ್ಲಿ ಕಾರ್ಬೊರಂಡಂ ಯೂನಿವರ್ಸಲ್ ಸ್ಥಾಪನೆಯಾದ ಮೇಲೆ ದಕ್ಷಿಣದ ಕಲ್ಲುಕೆಲಸಕ್ಕೆ ಸಾಣೆಕಣ ಮನೆಬಾಗಿಲಿಗೆ ಬಂತು. ಅದೇ ವರ್ಷದ ಡಿಸೆಂಬರ್ 16ರಂದು, ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ ಟ್ರೇಸಿ ಹಾಲ್ ಸುಮಾರು ಒಂದು ಲಕ್ಷ ವಾಯುಭಾರದ ಒತ್ತಡದಲ್ಲಿ ಇಂಗಾಲವನ್ನು ಹಿಂಡಿ ನಿಜವಾದ ವಜ್ರವನ್ನೇ ತಯಾರಿಸಿದ. 1957ರಿಂದ ಅದು ಮಾರುಕಟ್ಟೆಗೆ ಬಂತು. ಅಚೆಸನ್ ಹುಡುಕಿದ್ದು ಅರವತ್ತಮೂರು ವರ್ಷ ತಡವಾಗಿ ಇನ್ನೊಬ್ಬನಿಗೆ ಸಿಕ್ಕಿತು. ಆಭರಣಕ್ಕೆ ಬಾರದ ಆ ಹಳದಿ, ಕಪ್ಪು ಕಣಗಳೇ ಇಂದು ತಾಂಡೂರಿನ ಗರಗಸದಲ್ಲಿರುವುದು. ಕೃಷ್ಣಾ ಕಣಿವೆಯ ವಜ್ರ ಹಡಗೇರಿ ಹೊರಗೆ ಹೋಯಿತು; ಕಾರ್ಖಾನೆಯ ವಜ್ರ ಮೂರು ಶತಮಾನಗಳ ತರುವಾಯ ಡಬ್ಬಿಯಲ್ಲಿ ಬಂದಿತು.

ಶೆಡ್ಡಿನ ಕೆಲಸ ಹೀಗೆ ನಡೆಯುತ್ತದೆ. ಮಲ್ಕಾಪುರ, ಓಗಿಪುರ, ಕರಣಕೋಟದ ಕಡೆಯ ಖಣಿಗಳಿಂದ ಬಂದ ಹಲಗೆಯ ಅಂಚನ್ನು ವಜ್ರದ ಚಕ್ರದಿಂದ ಕೊಯ್ದು ಅಳತೆಗೆ ತರುತ್ತಾರೆ. ಅನಂತರ ತಿರುಗುವ ತಲೆಯ ಕೆಳಗೆ ಹಲಗೆಯನ್ನಿಟ್ಟು, ನೀರು ಬಿಟ್ಟು, ಒರಟು ಕಣದಿಂದ ಆರಂಭಿಸಿ ಸಂಖ್ಯೆಯಿಂದ ಸಂಖ್ಯೆಗೆ ಏರುತ್ತಾರೆ: 60, 120, 220, 400, ಬೇಕಾದರೆ 800, ಅದಕ್ಕೂ ಮೇಲೆ. ಈ ಸಂಖ್ಯೆ ಜರಡಿಯ ಲೆಕ್ಕದಿಂದ ಬಂದದ್ದು, ಒಂದು ಅಂಗುಲದಲ್ಲಿ ಎಷ್ಟು ಕಣ್ಣುಗಳಿವೆಯೋ ಅಷ್ಟು. 400ರ ಕಣ ಸುಮಾರು 35ರಿಂದ 40 ಮೈಕ್ರಾನ್, ಅಂದರೆ ತಲೆಗೂದಲಿನ ಅರ್ಧ ದಪ್ಪ. ಒಂದು ಸಂಖ್ಯೆ ಬಿಟ್ಟು ಮುಂದೆ ಹಾರಿದರೆ ಹಿಂದಿನ ಗೀರು ಉಳಿದುಬಿಡುತ್ತದೆ. ಒದ್ದೆಯಿದ್ದಾಗ ಕಾಣದ ಆ ಗೀರು ಕಲ್ಲು ಒಣಗಿದ ಮೇಲೆ, ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ, ಕೊಂಡವರ ಮನೆಯಲ್ಲಿ ಎದ್ದು ಕಾಣುತ್ತದೆ. ಕೆಲಸಗಾರನ ಮರ್ಯಾದೆ ಹೋಗುವುದು ಅಲ್ಲಿಯೇ.

ಸುಣ್ಣಕಲ್ಲು ಗಡಸಿನ ಅಳತೆಗೋಲಿನಲ್ಲಿ ಮೂರು ನಾಲ್ಕರ ಆಸುಪಾಸಿನದು. ಉಕ್ಕಿನ ಚೂರಿಯೂ ಅದನ್ನು ಗೀರುತ್ತದೆ. ಅಂಥದಕ್ಕೆ ಹತ್ತರ ತುದಿಯಲ್ಲಿರುವ ವಜ್ರವೇಕೆ? ಇಳಕಲ್ಲಿನ ಕೆಂಪು ಗ್ರಾನೈಟಿಗಾದರೆ ವಜ್ರ ಬೇಕೇಬೇಕು, ಅದರಲ್ಲಿ ಏಳರ ಗಡಸಿನ ಬೆಣಚು ಇದೆ. ಫರಸಿಗೆ ವಜ್ರ ಬೇಕಾದದ್ದು ಗಡಸಿಗಾಗಿ ಅಲ್ಲ, ವೇಗಕ್ಕಾಗಿ. ಕಾರ್ಬೊರಂಡಂ ಇಟ್ಟಿಗೆ ಸವೆದಂತೆ ತನ್ನ ಆಕಾರ ಕೆಡಿಸಿಕೊಳ್ಳುತ್ತದೆ. ವಜ್ರದ ಪ್ಯಾಡು ಬಹಳ ಹೊತ್ತು ಸಮತಟ್ಟಾಗಿ ನಿಲ್ಲುತ್ತದೆ, ಆದ್ದರಿಂದ ಕಲ್ಲೂ ಸಮತಟ್ಟಾಗುತ್ತದೆ. ಇದರಲ್ಲೊಂದು ಸೊಗಸಾದ ನಿಯಮವಿದೆ. ವಜ್ರದ ಕಣಗಳನ್ನು ಹಿಡಿದಿಡುವ ಲೋಹದ ಬಂಧ ಗಟ್ಟಿ ಕಲ್ಲಿಗೆ ಮೆತ್ತಗಿರಬೇಕು, ಮೆತ್ತನೆಯ ಒರಟು ಕಲ್ಲಿಗೆ ಗಟ್ಟಿಯಾಗಿರಬೇಕು. ಗಟ್ಟಿ ಕಲ್ಲಿನ ಮೇಲೆ ವಜ್ರದ ಕಣವೇ ಮೊಂಡಾಗುತ್ತದೆ; ಬಂಧ ಬೇಗ ಸವೆದು ಅದನ್ನು ಉದುರಿಸಿ ಒಳಗಿನ ಹೊಸ ಕಣಕ್ಕೆ ದಾರಿಮಾಡಬೇಕು. ಒರಟು ಕಲ್ಲಿನ ಪುಡಿಯಾದರೋ ಬಂಧವನ್ನೇ ತಿನ್ನುತ್ತದೆ. ಬಂಧ ಮೆತ್ತಗಿದ್ದರೆ ಇನ್ನೂ ಹರಿತವಾಗಿರುವ ಕಣ ವ್ಯರ್ಥವಾಗಿ ಬಿದ್ದುಹೋಗುತ್ತದೆ.

ಜಹೀರಾಬಾದಿನ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಬೀದರದೊಡನೆ ಅದು ಹಂಚಿಕೊಂಡಿರುವ ಕೆಂಪು ಜಂಬಿಟ್ಟಿಗೆ ತೂತುತೂತಾದ ಕಲ್ಲು, ಒಪ್ಪ ಹಿಡಿಯುವ ಜಾತಿಯೇ ಅಲ್ಲ. ಅಲ್ಲಿ ಒಪ್ಪ ಹುಡುಕುವವರು ನೆರೆಯ ಬೀದರಿನ ಕರಿಲೋಹದ ಕಡೆ ನೋಡಬೇಕು. ಸತುವಿನ ಪಾತ್ರೆಯಲ್ಲಿ ಬೆಳ್ಳಿಯನ್ನು ಕೂರಿಸಿ, ಅರದಿಂದ ತಿಕ್ಕಿ ಒಂದೇ ಸಮಕ್ಕೆ ತಂದ ಮೇಲೆಯೇ ಕೋಟೆಯ ಮಣ್ಣು, ನವಸಾಗರ ಕಾಯಿಸಿ ಮೈ ಕಪ್ಪಾಗಿಸುತ್ತಾರೆ. ರಂಗೀನ್ ಮಹಲಿನ ಕಲ್ಲು ಮತ್ತು ಚಿಪ್ಪಿನ ಸಮಸ್ಯೆ ಇಲ್ಲಿ ಲೋಹದಲ್ಲಿ ಮರುಕಳಿಸಿದೆ. 1980ರ ದಶಕದಲ್ಲಿ ಆಲ್ವಿನ್ ನಿಸಾನ್ ಕಾರ್ಖಾನೆ ಬಂದ ಮೇಲೆ ಜಹೀರಾಬಾದಿನ ಹುಡುಗರು ಉಕ್ಕಿನ ಕೆಲಸಕ್ಕೆ ಹೋದರು. ಬಿರುಸಾಗಿ ಕಾದ ಉಕ್ಕಿಗೆ ವಜ್ರ ಒಗ್ಗುವುದಿಲ್ಲ, ತನ್ನ ಇಂಗಾಲವನ್ನು ಕಬ್ಬಿಣಕ್ಕೆ ಬಿಟ್ಟುಕೊಟ್ಟು ಸವೆದುಹೋಗುತ್ತದೆ.

ಕಲ್ಲುಕೆಲಸದ ಕೈಗಳು ಯಾರವು? ಈ ಸೀಮೆಯಲ್ಲಿ ತಲೆಮಾರುಗಳಿಂದ ಕಲ್ಲೊಡೆದವರಲ್ಲಿ ಒಡ್ಡ ಅಥವಾ ಭೋವಿ ಸಮುದಾಯದವರು ಮೊದಲಿಗರು. ಕೆರೆ ಕಟ್ಟಿಸಿದ ಸೊನ್ನಲಿಗೆಯ ಸಿದ್ಧರಾಮನನ್ನು ಗುರುವೆಂದು ನಂಬಿದ ಇವರು ಮನೆಯಲ್ಲಿ ತೆಲುಗಿನ ಒಂದು ಒಳನುಡಿಯನ್ನು, ಸಂತೆಯಲ್ಲಿ ಕನ್ನಡವನ್ನು, ಗುತ್ತಿಗೆದಾರನೊಡನೆ ಉರ್ದುವನ್ನು ಆಡುತ್ತ ಬಂದವರು. ಗಡಿಗೆರೆಯ ವಾಗ್ವಾದದಲ್ಲಿ ಅವರನ್ನು ಯಾವ ಭಾಷೆಯವರೆಂದು ಎಣಿಸಿದರೋ ತಿಳಿಯದು. ಹಾರೆಯ ಪೆಟ್ಟಿನ ಸದ್ದಿನಿಂದ ಪದರ ಎಲ್ಲಿ ಬಿಡುತ್ತದೆಂದು ಹೇಳಬಲ್ಲ ಹಿರಿಯರನ್ನು ನಾನು ಕಂಡಿದ್ದೇನೆ. ಟೊಳ್ಳು ಸದ್ದಿಗೆ, ಗಟ್ಟಿ ಸದ್ದಿಗೆ, ಒಳಗೆ ಬಿರುಕಿದ್ದಾಗಿನ ಒಡಕು ಸದ್ದಿಗೆ ಅವರಲ್ಲಿ ಬೇರೆಬೇರೆ ಶಬ್ದಗಳಿದ್ದವು. ಅವನ್ನು ಬರೆದಿಟ್ಟುಕೊಳ್ಳದ ತಪ್ಪು ನನ್ನದು.

ಧೂಳಿನ ಮಾತನ್ನು ಬಿಟ್ಟರೆ ಈ ಇತಿಹಾಸ ಅರ್ಧ ಸುಳ್ಳಾಗುತ್ತದೆ. ಬೆಣಚಿನ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಕಟ್ಟುವ ಸಿಲಿಕೋಸಿಸ್ ಎಂಬ ರೋಗವನ್ನು 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿ ಹೆಸರಿಸಿತ್ತು; ಅದನ್ನು ಕಂಡ ವೈದ್ಯ ಸರ್ಕಾರಕ್ಕೆ ತಿಳಿಸಬೇಕು. ಗ್ರಾನೈಟಿಗಿಂತ ಸುಣ್ಣಕಲ್ಲಿನಲ್ಲಿ ಬೆಣಚು ಕಡಿಮೆ, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ನೀರು ಬಿಟ್ಟು ಕೊಯ್ದರೆ ಧೂಳು ಕೆಸರಾಗಿ ಕೆಳಗೆ ಬೀಳುತ್ತದೆ, ಎದೆ ಉಳಿಯುತ್ತದೆ. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ನೀರು ಉಳಿಸಲೆಂದು ಒಣಗರಗಸ ಹಿಡಿಯುವುದುಂಟು. ಕೊನೆಯ ಹೊಳಪಿಗೆ ಬಳಸುವ ಆಕ್ಸಾಲಿಕ್ ಆಮ್ಲ ಬೆರಳ ಸಂದಿನ ಚರ್ಮವನ್ನು ಸುಡುತ್ತದೆ. ಬಿಳಿಯ ಕೆಸರು ಒಣಗಿ ಹಿಟ್ಟಾಗಿ ಹೊಲಗಳ ಮೇಲೆ ಹಾರುತ್ತದೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ದೊರೆತಾಗ ನಾವೆಲ್ಲ ಹಿಗ್ಗಿದೆವು. ಆ ತೊಗರಿ ಬೆಳೆಯುವುದು ಈ ಸುಣ್ಣಕಲ್ಲಿನ ಮೇಲಿನ ಮಣ್ಣಿನಲ್ಲೇ.

ಕಳೆದ ಮಾಘದಲ್ಲಿ ಒಂದು ಶೆಡ್ಡಿಗೆ ಹೋಗಿದ್ದೆ. ಯಂತ್ರ ನಿಲ್ಲಿಸಿ ಊಟಕ್ಕೆ ಕುಳಿತಿದ್ದ ನಡುವಯಸ್ಸಿನವರೊಬ್ಬರು ಈಗಷ್ಟೇ ಒಪ್ಪವಾದ ಹಲಗೆಯ ಮೇಲೆ ಅಂಗೈಯ ಹಿಂಬದಿಯನ್ನು ಸವರಿ ನೋಡುತ್ತಿದ್ದರು. ಅಂಗೈಯಿಂದ ಏಕೆ ಮುಟ್ಟುವುದಿಲ್ಲವೆಂದು ಕೇಳಿದೆ. "ಅದು ಸವೆದ್ ಹೋಗ್ಯಾದ್ರಿ, ಏನೂ ತಿಳ್ಯಾಂಗಿಲ್ಲ" ಎಂದರು. ಬೆರಳುಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆರಳಚ್ಚಿನ ಗೆರೆಗಳು ಇರಲಿಲ್ಲ. ಪಡಿತರದಂಗಡಿಯ ಯಂತ್ರ ತಮ್ಮ ಬೆರಳನ್ನು ಒಪ್ಪುವುದಿಲ್ಲವೆಂದೂ, ತಿಂಗಳ ಅಕ್ಕಿಗೆ ಹೆಂಡತಿಯನ್ನೇ ಕಳುಹಿಸಬೇಕೆಂದೂ ಹೇಳಿ, ರೊಟ್ಟಿಯ ಬುತ್ತಿ ಕಟ್ಟಿಟ್ಟು, 400ರ ಪ್ಯಾಡನ್ನು ಬಿಚ್ಚಿ 800ರದನ್ನು ಕೂರಿಸಿ ನೀರಿನ ನಲ್ಲಿ ತಿರುಗಿಸಿದರು.